ಕುತ್ತಿಗೆ ತಿರುಗಿಸಿದರೆ ಓಲಾಟ: ಕೈಚಿಕಿತ್ಸೆಯಿಂದ ಗುಣವಾದೀತೇ?

ಪ್ರಶ್ನೆ: ನನಗೆ 48 ವರ್ಷ, ಹೊಲಿಗೆ ಕೆಲಸ. ಆರು ತಿಂಗಳಿಂದ ಕುತ್ತಿಗೆ ನೋವು. ಬಲಕ್ಕೆ ತಿರುಗಿದರೆ ಮೈ ಓಲಾಡಿದಂತಾಗುತ್ತದೆ. ಎಕ್ಸ್‌ರೇ ನೋಡಿ ಮೂಳೆ ಸವೆದಿದೆ ಎಂದರು. ತಲೆಸುತ್ತಿನ ಮಾತ್ರೆಯಿಂದ ಉಪಯೋಗವಾಗಿಲ್ಲ. ಫಿಸಿಯೋಥೆರಪಿ ಮಾಡಿಸಲೇ? ನೆಟಿಗೆ ತೆಗೆಸಬಹುದೇ?

ಉತ್ತರ: ಸವೆತವೇ ಕಾರಣವೆಂದು ತೀರ್ಮಾನಿಸಬೇಡಿ, ತಲೆಸುತ್ತೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ. ಮಲಗಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿ, ನಿಮಿಷದೊಳಗೆ ನಿಂತರೆ ತೊಂದರೆ ಹೆಚ್ಚಾಗಿ ಒಳಕಿವಿಯದು. ಅದರ ಚಿಕಿತ್ಸೆಯೇ ಬೇರೆ. ಕುತ್ತಿಗೆಯಿಂದ ಬರುವುದು ಗಿರಕಿಯಲ್ಲ, ಓಲಾಟ. ನೋವಿನ ಜೊತೆಗೇ ಏರಿಳಿಯುತ್ತದೆ. ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲವಾದ್ದರಿಂದ ಮೊದಲು ಕಿವಿ, ರಕ್ತದೊತ್ತಡ, ನರಗಳ ತಪಾಸಣೆ ಆಗಲಿ. ಆಮೇಲೆ ಫಿಸಿಯೋಥೆರಪಿಸ್ಟ್ ತಿರುಗುವ ಕುರ್ಚಿಯಲ್ಲಿ ಕೂರಿಸಿ, ತಲೆ ಅಲುಗದಂತೆ ಹಿಡಿದು ಮೈಯನ್ನಷ್ಟೇ ತಿರುಗಿಸುತ್ತಾರೆ. ಒಳಕಿವಿ ಕದಲದೆಯೂ ಓಲಾಟ ಬಂದರೆ ಕುತ್ತಿಗೆಯ ಮೇಲಿನ ಅನುಮಾನ ಬಲವಾಗುತ್ತದೆ.

ತಲೆ ಎತ್ತ ತಿರುಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದರಲ್ಲಿ ಕುತ್ತಿಗೆಯ ಮೇಲಿನ ಮೂರು ಕೀಲುಗಳ ಪಾಲು ದೊಡ್ಡದು. ಅವು ಬಿಗಿದುಕೊಂಡು ತಪ್ಪು ಸುದ್ದಿ ಕಳಿಸಿದಾಗ ಕಣ್ಣು, ಕಿವಿಗಳ ಸುದ್ದಿಗೆ ತಾಳೆಯಾಗುವುದಿಲ್ಲ. ಇದಕ್ಕೆ ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ರೂಪಿಸಿದ ‘ಸ್ನ್ಯಾಗ್’ ವಿಧಾನ ಉಪಯುಕ್ತ. ನೀವು ಕುಳಿತಿರುತ್ತೀರಿ. ತಲೆಬುರುಡೆಯ ಬುಡಕ್ಕೆ ಸ್ವಲ್ಪ ಕೆಳಗೆ ಸಿಗುವ ಎರಡನೇ ಮೂಳೆಯ ಹಿಂಚಾಚನ್ನು ಚಿಕಿತ್ಸಕರು ಹೆಬ್ಬೆರಳಿಂದ ಕಣ್ಣಿನ ದಿಕ್ಕಿಗೆ ಮೆಲ್ಲನೆ ಒತ್ತಿ ಹಿಡಿಯುತ್ತಾರೆ. ಆ ಒತ್ತಡದಲ್ಲೇ ನೀವು ನಿಧಾನವಾಗಿ ಬಲಕ್ಕೆ ತಿರುಗಿ, ಕೆಲವು ಸೆಕೆಂಡ್ ನಿಂತು, ಮರಳಬೇಕು. ಮರಳುವವರೆಗೆ ಒತ್ತಡ ಬಿಡುವಂತಿಲ್ಲ. ಮೊದಲ ದಿನ 6 ಸಲ ಸಾಕು. ಆಗ ನೋವಾಗಲಿ ಓಲಾಟವಾಗಲಿ ಬರಲೇಬಾರದು. ಬಂದರೆ ಒತ್ತಿದ ಜಾಗವೋ ಕೋನವೋ ತಪ್ಪಿದೆ. ‘ಸ್ವಲ್ಪ ತಡ್ಕೊಳ್ಳಿ’ ಎನ್ನುವ ಕಡೆ ಎದ್ದು ಬನ್ನಿ.

ಮನೆಯಲ್ಲಿ ಇದನ್ನೇ ತೆಳು ಟವೆಲ್ಲಿನ ಅಂಚಿನಿಂದ ಮಾಡಲು ಕಲಿಸುತ್ತಾರೆ. ಟವೆಲ್ಲನ್ನು ಕಣ್ಣಿನ ದಿಕ್ಕಿಗೆ ಎಳೆಯದೆ ಕೆಳಕ್ಕೆ ಜಗ್ಗುವುದೇ ಸಾಮಾನ್ಯ ತಪ್ಪು.

ಕೀಲು ಸಡಿಲಾದರಷ್ಟೇ ಸಾಲದು, ತಲೆ ಎತ್ತ ತಿರುಗಿದೆ ಎಂಬ ಅಂದಾಜೂ ಮರಳಬೇಕು. ಹಣೆಗೆ ಲೇಸರ್ ದೀಪ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂತು, ಕಣ್ಣು ಮುಚ್ಚಿ ತಲೆ ತಿರುಗಿಸಿ ಮರಳಿದಾಗ ಬೆಳಕು ಮೊದಲಿದ್ದ ಚುಕ್ಕೆಯಿಂದ ಸುಮಾರು 7 ಸೆಂ.ಮೀ.ಗಿಂತ ಆಚೆ ಬಿದ್ದರೆ ಅಂದಾಜು ಕೆಟ್ಟಿದೆ. ಪರೀಕ್ಷೆಯೂ ಇದೇ, ವ್ಯಾಯಾಮವೂ ಇದೇ.

ನೆಟಿಗೆ ಬೇಡ, ಸಲೂನಿನಲ್ಲಂತೂ ಬೇಡವೇ ಬೇಡ. ಮಿದುಳಿಗೆ ಹೋಗುವ ರಕ್ತನಾಳಗಳು ಈ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ಹಠಾತ್ತನೆ ತಿರುಚಿದರೆ ಅಪರೂಪಕ್ಕಾದರೂ ಒಳಗೋಡೆ ಹರಿಯಬಹುದು. ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಮುಖ ಜೋಮು ಹಿಡಿಯುವುದು, ಹಿಂದೆಂದೂ ಇರದಂಥ ಕುತ್ತಿಗೆ ನೋವು ಕಂಡರೆ ಫಿಸಿಯೋಥೆರಪಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.