ಕಂಟೇನರ್ ಜನರೇಟರ್ ಇಳಿಸಿ ಕೇಬಲ್ ಕೊಟ್ಟರೆ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 20 ಅಡಿ ಕಂಟೇನರ್ ಒಳಗೆ ಕೂರಿಸಿದ 500 ಕೆವಿಎ ಸಾಮರ್ಥ್ಯದ ಡೀಸೆಲ್ ಜನರೇಟರ್ ಸೆಟ್ ಬರುತ್ತಿದೆ. ಮಾರುವವರು "ಎಲ್ಲಾ ಸರ್ಟಿಫಿಕೇಟ್ ಇದೆ, ಇಳಿಸಿ ಕೇಬಲ್ ಕೊಟ್ಟರೆ ಮುಗೀತು" ಅಂದಿದ್ದಾರೆ. ಅದು ನಿಜವಾ?

ಅರ್ಧ ನಿಜ. ಇಂಥ ಸೆಟ್‌ಗಳನ್ನು ಕೂರಿಸಿ ಚಾಲೂ ಮಾಡಿಕೊಡುವುದೇ ನನ್ನ ಕೆಲಸ. ಜನ ಇದನ್ನು ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಪೆಟ್ಟಿಗೆ ಅಲ್ಲ, ಇದು ಎಂಜಿನ್ ಓಡುವ ಒಂದು ಇಕ್ಕಟ್ಟಾದ ಕೋಣೆ. ಕೋಣೆ ಅಂತ ನೋಡಿದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಮೊದಲು ಆ "ಎಲ್ಲಾ ಸರ್ಟಿಫಿಕೇಟ್" ಯಾವುದು ಅಂತ ತೋರಿಸಲು ಹೇಳಿ. ಬಾಗಿಲ ಮೇಲೆ ಸಿಎಸ್‌ಸಿ ಅನ್ನುವ ಲೋಹದ ಫಲಕ ಇರಬಹುದು. ಅದು 1972ರ ಅಂತಾರಾಷ್ಟ್ರೀಯ ಕಂಟೇನರ್ ಸುರಕ್ಷತೆ ಒಪ್ಪಂದದ ಫಲಕ. ಎತ್ತುವಾಗ, ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುವಾಗ ಡಬ್ಬಿ ತಡೆಯುತ್ತದೆ ಅನ್ನುವುದಷ್ಟೇ ಅದರ ಅರ್ಥ. ಒಳಗಿನ ಎಂಜಿನ್ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಇನ್ನೊಂದು ವಿಷಯ. ಗಾಳಿಗೆ ಅಂತ ಗೋಡೆ ಕೊರೆದು ದೊಡ್ಡ ಕಿಂಡಿ ಇಟ್ಟ ಮೇಲೆ ಡಬ್ಬಿಯ ಬಲವೂ ಬದಲಾಗುತ್ತದೆ. ಫಲಕ ಕೊಟ್ಟದ್ದು ಕೊರೆಯುವ ಮೊದಲೋ ಆಮೇಲೋ ಅಂತ ಕೇಳಿ. ಸೆಟ್ಟಿಗೆ ಅನ್ವಯಿಸುವುದು ಐಎಸ್‌ಒ 8528 ಅನ್ನುವ ಅಂತಾರಾಷ್ಟ್ರೀಯ ಮಾನದಂಡಗಳ ಮಾಲೆ. ಅದರ 13ನೇ ಭಾಗ ಪೂರ್ತಿ ಸುರಕ್ಷತೆಯದ್ದೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ: ಬಾಗಿಲು. ಸರಕಿನ ಕಂಟೇನರ್ ಬಾಗಿಲನ್ನು ಹೊರಗಿನಿಂದ ಮಾತ್ರ ತೆಗೆಯಬಹುದು. ಸರಕಿಗೆ ಹೊರಗೆ ಬರುವ ಆಸೆ ಇರುವುದಿಲ್ಲ, ಅಲ್ವಾ? ಆದರೆ ಇಲ್ಲಿ ಮನುಷ್ಯ ಒಳಗೆ ಹೋಗುತ್ತಾನೆ. ಒಮ್ಮೆ ನಾನು ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಹಿಂದೆ ಕೂತು ಕೇಬಲ್ ಬಿಗಿ ನೋಡುತ್ತಿದ್ದೆ. ಹೊರಗೆ ಹೋಗುತ್ತಿದ್ದ ಯಾರೋ, ಬಾಗಿಲು ಗಾಳಿಗೆ ಬಡಿಯುತ್ತಿದೆ ಅಂತ ಎಳೆದು ಸರಳು ಹಾಕಿಬಿಟ್ಟರು. ಸೆಟ್ ಆಟೋ ಮೋಡಿನಲ್ಲಿತ್ತು. ಲೈನ್ ಕರೆಂಟ್ ಹೋದರೆ ಕೆಲವೇ ಸೆಕೆಂಡಿನಲ್ಲಿ ತಾನಾಗಿಯೇ ಓಡಲು ಶುರು. ಲೋಹದ ಡಬ್ಬಿ, ಫೋನಿಗೆ ಸಿಗ್ನಲ್ ಇಲ್ಲ. ಸ್ಪ್ಯಾನರಿನಿಂದ ಗೋಡೆ ಬಡಿದು ಬಡಿದು ಕೊನೆಗೆ ಯಾರಿಗೋ ಕೇಳಿಸಿತು. ಕರೆಂಟ್ ಹೋಗಲಿಲ್ಲ, ನನ್ನ ಪುಣ್ಯ. ತಪ್ಪು ಅವರದ್ದಕ್ಕಿಂತ ನನ್ನದೇ ಜಾಸ್ತಿ. ಈಗ ಒಳಗೆ ಹೋಗುವ ಮುಂಚೆ ಮೋಡ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಯಾರೂ ಮತ್ತೆ ಚಾಲೂ ಮಾಡದಂತೆ ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತೇನೆ.

ಹಾಗಾಗಿ ನೀವು ನೋಡಬೇಕಾದದ್ದು: ಹೊರಗೆ ಬೀಗ ಬಿದ್ದಿದ್ದರೂ ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು. ಎಮರ್ಜೆನ್ಸಿ ಸ್ಟಾಪ್ ಒಳಗೊಂದು, ಹೊರಗೊಂದು. ತಾನಾಗಿಯೇ ಸ್ಟಾರ್ಟ್ ಆಗುತ್ತದೆ ಅನ್ನುವ ಎಚ್ಚರಿಕೆ ಬೋರ್ಡ್, ಅಲ್ಲಿ ಕೆಲಸ ಮಾಡುವವರು ಓದುವ ಭಾಷೆಯಲ್ಲಿ.

ಬೆಂಕಿ ಆರಿಸುವ ಗ್ಯಾಸ್ ಇದ್ದರೆ ಈ ಬಾಗಿಲಿನ ಮಾತು ಇನ್ನೂ ಗಂಭೀರ. ಕಾರ್ಬನ್ ಡೈಆಕ್ಸೈಡ್ ಬೆಂಕಿ ಆರಿಸಬೇಕಾದರೆ ಕೋಣೆಯಲ್ಲಿ ಸುಮಾರು 34% ತುಂಬಬೇಕು. 10% ದಾಟಿದರೇ ಮನುಷ್ಯ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಅದಕ್ಕೇ ಗ್ಯಾಸ್ ಬಿಡುವ ಮೊದಲು ಸೈರನ್ ಕೂಗಬೇಕು, ತಪ್ಪಿಸಿಕೊಳ್ಳಲು ಸಮಯ ಸಿಗಬೇಕು. ಒಳಗೆ ಕೆಲಸ ನಡೆಯುವಾಗ ಗ್ಯಾಸನ್ನೇ ಲಾಕ್ ಮಾಡಿಡುವ ವ್ಯವಸ್ಥೆ ಬೇಕು. ಜೊತೆಗೆ ಎಂಜಿನ್ ಮೊದಲು ನಿಂತು, ಗಾಳಿಯ ಕಿಂಡಿಗಳು ಮುಚ್ಚಿಕೊಳ್ಳಬೇಕು. ಇಲ್ಲವಾದರೆ ರೇಡಿಯೇಟರ್ ಫ್ಯಾನ್ ಅಷ್ಟೂ ಗ್ಯಾಸನ್ನು ಹೊರಗೆ ಎಸೆದುಬಿಡುತ್ತದೆ. ಸಿಲಿಂಡರ್ ಇದೆ, ಕಿಂಡಿ ಮುಚ್ಚುವುದೇ ಇಲ್ಲ ಅನ್ನುವ ಸೆಟ್‌ಗಳನ್ನು ನಾನು ನೋಡಿದ್ದೇನೆ. ಅದು ಸುಮ್ನೆ ಅಲಂಕಾರಕ್ಕೆ.

ಇನ್ನು ಬಿಸಿ ಮತ್ತು ಹೊಗೆ. 500 ಕೆವಿಎ ಸೆಟ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 100 ಲೀಟರ್ ಡೀಸೆಲ್ ಕುಡಿಯುತ್ತದೆ. ಅದರಲ್ಲಿ ವಿದ್ಯುತ್ ಆಗುವುದು ಹೆಚ್ಚುಕಡಿಮೆ 40%. ಉಳಿದದ್ದೆಲ್ಲ ಬಿಸಿ, ಆ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಜಾಗ ಉಳಿಸಲು ರೇಡಿಯೇಟರ್ ಬಾಯಿಯನ್ನು ಗೋಡೆಗೆ ಎದುರಾಗಿ ಇಡಬೇಡಿ. ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಒಳಗೇ ಬರುತ್ತದೆ, ಸೆಟ್ ಬಿಸಿಯಾಗಿ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿಯೇ ನಿಂತುಬಿಡುತ್ತದೆ. ಆಮೇಲೆ "ಗಾಳಿ ಬರಲಿ" ಅಂತ ಬಾಗಿಲು ತೆರೆದಿಟ್ಟು ಓಡಿಸುತ್ತಾರೆ. ಅಲ್ಲಿಗೆ ಶಬ್ದದ ಲೆಕ್ಕವೂ ಹೋಯಿತು, ಬೆಂಕಿಯ ರಕ್ಷಣೆಯೂ ಹೋಯಿತು. ಹೊಗೆ ಕೊಳವೆಯ ಬಾಯಿ ಪಕ್ಕದ ಕಟ್ಟಡದ ಕಿಟಕಿಗೋ ಎಸಿ ಗಾಳಿ ಎಳೆಯುವ ಕಡೆಗೋ ತಿರುಗಿರಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಒಳಗಿನ ಹೊಗೆ ಕೊಳವೆ 450 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬಿಸಿ ತಡೆಯುವ ಹೊದಿಕೆ ಹರಿದ ಕಡೆ ಒಂದು ತೊಟ್ಟು ಡೀಸೆಲ್ ಸಿಡಿದರೂ ಸಾಕು, ಹೊತ್ತಿಕೊಳ್ಳುತ್ತದೆ.

ಡೀಸೆಲ್ ಟ್ಯಾಂಕಿಗೆ ಎರಡು ಪದರ ಇರಬೇಕು, ಇಲ್ಲವೇ ಕೆಳಗೆ ತೊಟ್ಟಿ ಇರಬೇಕು. ತೊಟ್ಟಿಯ ಅಳತೆಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಟ್ಯಾಂಕಿನ 110%. ಸೋರಿದರೆ ಅಲಾರ್ಮ್ ಬರಬೇಕು. ಟ್ಯಾಂಕಿನ ಗಾಳಿ ಕೊಳವೆ ಹೊರಗೆ ಬಂದಿರಬೇಕು. ಬೆಂಕಿಯ ಬಿಸಿಗೆ ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಡೀಸೆಲ್ ಲೈನಿನಲ್ಲಿ ಇದೆಯಾ ನೋಡಿ.

ವಿದ್ಯುತ್ ಕಡೆ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಒಂದು, ಕಬ್ಬಿಣದ ಡಬ್ಬಿ ನೆಲದ ಮೇಲೇ ಕೂತಿದೆಯಲ್ಲ, ಅರ್ಥಿಂಗ್ ಆದಂತೆಯೇ ಅನ್ನುವ ಭ್ರಮೆ. ಬಣ್ಣ ಬಳಿದ ಕಬ್ಬಿಣ ಕಾಂಕ್ರೀಟ್ ಮುಟ್ಟಿದರೆ ಅರ್ಥಿಂಗ್ ಆಗುವುದಿಲ್ಲ. ಡಬ್ಬಿ, ಎಂಜಿನ್ ಚೌಕಟ್ಟು, ಬಾಗಿಲು, ಟ್ಯಾಂಕು ಎಲ್ಲವನ್ನೂ ತಂತಿಯಿಂದ ಸೇರಿಸಿ ಅರ್ಥ್‌ಗೆ ಕಟ್ಟಬೇಕು. ನ್ಯೂಟ್ರಲ್ (ಕರೆಂಟ್ ವಾಪಸ್ ಬರುವ ತಂತಿ) ಎಲ್ಲಿ ಅರ್ಥ್ ಆಗಬೇಕು ಅನ್ನುವುದನ್ನು ನಿಮ್ಮ ಜಾಗದ ನಕ್ಷೆ ನೋಡಿ ಎಂಜಿನಿಯರ್ ತೀರ್ಮಾನಿಸಲಿ. ಎಲ್ಲೂ ಕಟ್ಟದೆ ಬಿಟ್ಟರೆ ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಲೀಕೇಜ್ ಬ್ರೇಕರ್ ಬೀಳುವುದೇ ಇಲ್ಲ, ಎರಡು ಕಡೆ ಕಟ್ಟಿದರೆ ಸುಮ್ಮಸುಮ್ಮನೆ ಬೀಳುತ್ತದೆ. ಎರಡು, ಚೇಂಜ್‌ಓವರ್, ಅಂದರೆ ಲೈನ್ ಕರೆಂಟಿನಿಂದ ಜನರೇಟರಿಗೆ ಬದಲಾಯಿಸುವ ಸ್ವಿಚ್. ಜನರೇಟರ್ ಮತ್ತು ಲೈನ್ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದಂತೆ ಇಂಟರ್‌ಲಾಕ್ ಇರಬೇಕು. ಇಲ್ಲವಾದರೆ ನಿಮ್ಮ ಕರೆಂಟ್ ಹಿಂದಕ್ಕೆ ಹರಿದು, ಲೈನ್ ಆಫ್ ಇದೆ ಅಂತ ಕಂಬ ಹತ್ತಿದವನ ಜೀವ ತೆಗೆಯುತ್ತದೆ.

ಸಾಗಿಸುವಾಗ ಟ್ಯಾಂಕ್ ಖಾಲಿ ಇರಲಿ. ಸಮುದ್ರದ ಮೇಲೆ ಬರುವುದಾದರೆ ಡೀಸೆಲ್ ಎಂಜಿನ್ನಿಗೆ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 3530 ಅನ್ನುವ ಸಂಖ್ಯೆಯೇ ಇದೆ. ಕ್ರೇನಿನವರಿಗೆ ತೂಕ ಹೇಳುವಾಗ ಎಣ್ಣೆ, ನೀರು ಸೇರಿಸಿ ಹೇಳಿ.

ಅನುಮತಿಗಳು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ತಟ್ಟಬೇಕಾದ ಬಾಗಿಲುಗಳು ಹೆಚ್ಚುಕಡಿಮೆ ನಾಲ್ಕೇ: ವಿದ್ಯುತ್ ತಪಾಸಣೆ, ಅಗ್ನಿಶಾಮಕ, ಇಂಧನ ಸಂಗ್ರಹ, ಹೊಗೆ ಮತ್ತು ಶಬ್ದ. ಸೆಟ್ ಕೂರಿಸುವ ಕಾಂಕ್ರೀಟ್ ಕಟ್ಟೆ ಕಟ್ಟುವ ಮೊದಲೇ ಕೇಳಿ. ಕಟ್ಟೆ ಒಣಗಿದ ಮೇಲೆ ಸೆಟ್ಟನ್ನು ಎರಡು ಮೀಟರ್ ಆಚೆ ಸರಿಸಿ ಅಂದರೆ ಅಳುವುದೊಂದೇ ಬಾಕಿ.

ಸೆಟ್ ಬಂದ ದಿನ ಮಾರಿದವರಿಗೆ ಒಂದು ಕೆಲಸ ಹೇಳಿ. ಸೆಟ್ ಆಫ್ ಮಾಡಿ, ಗ್ಯಾಸ್ ಲಾಕ್ ಮಾಡಿ, ಅವರ ಒಬ್ಬರನ್ನು ಒಳಗೆ ನಿಲ್ಲಿಸಿ ಹೊರಗಿನಿಂದ ಬೀಗ ಹಾಕಿ. ಅವರು ತಾವಾಗಿಯೇ ಹೊರಗೆ ಬಂದ ಮೇಲೆ ರಸೀದಿಗೆ ಸಹಿ ಹಾಕಿ.