ಮೀಟಿಂಗಿನಲ್ಲಿ ಅವರು ಯಾಕೆ ಮಾತಾಡುವುದಿಲ್ಲ?

ಪ್ರಶ್ನೆ: ನಮ್ಮ ತಂಡಕ್ಕೆ ಹೊಸದಾಗಿ ಬಂದವರೊಬ್ಬರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಶ್ರವಣಯಂತ್ರ ಹಾಕುತ್ತಾರೆ. ಲೆಕ್ಕದ ಕೆಲಸದಲ್ಲಿ ಬಹಳ ಚುರುಕು. ಮೀಟಿಂಗಿನಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಏನಾದರೂ ಅನುಕೂಲ ಮಾಡಿಕೊಡೋಣ ಎಂದರೆ ಮ್ಯಾನೇಜರ್, "ನಮ್ಮಲ್ಲಿ ಎಲ್ಲರೂ ಒಂದೇ, ಒಬ್ಬರಿಗೊಂದು ನಿಯಮ ಬೇಡ" ಎನ್ನುತ್ತಾರೆ. ಅವರು ಹೇಳುವುದೂ ನ್ಯಾಯವೇ ಅಲ್ವಾ?
– ಹೆಸರು ಬೇಡ

ಉತ್ತರ: ಕೇಳಲು ನ್ಯಾಯವಾಗಿಯೇ ಇದೆ. ನಾನು ಸಿಬ್ಬಂದಿ ವಿಭಾಗದಲ್ಲಿದ್ದಾಗ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಹೇಳುತ್ತಿದ್ದವರೆಲ್ಲ ಕಿವಿ ಚೆನ್ನಾಗಿದ್ದವರೇ! ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಇದೆಯಲ್ಲ, ಅದರ ಪ್ರಕಾರ ಸಂಸ್ಥೆಗೆ ತೀರಾ ಹೊರೆಯಾಗದಂಥ, ಆ ವ್ಯಕ್ತಿಗೆ ಬೇಕಾದ ಅನುಕೂಲವನ್ನು ಮಾಡಿಕೊಡದಿದ್ದರೆ ಅದೂ ತಾರತಮ್ಯವೇ.

'ಯಂತ್ರ ಹಾಕಿದ್ದಾರಲ್ಲ, ಇನ್ನೇನು' ಅನ್ನಿಸಬಹುದು. ಕನ್ನಡಕದ ಹಾಗೆ ಅದು ಹಾಕಿದ ಕೂಡಲೇ ಎಲ್ಲ ಸರಿಮಾಡುವುದಿಲ್ಲ. ಮಾತಿನ ಜೊತೆಗೆ ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದನ್ನೂ ಜಾಸ್ತಿ ಮಾಡುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎಲ್ಲ ಕಲಸುಮೇಲೋಗರ. ತುಟಿ ನೋಡಿ ತಿಳಿಯಬಹುದಲ್ಲ ಎನ್ನುವವರೂ ಇದ್ದಾರೆ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ 'ಪಾಲು' ಎನ್ನಿ. ಆಮೇಲೆ 'ಮಾಲು' ಎನ್ನಿ. ವ್ಯತ್ಯಾಸ ಕಾಣುತ್ತಾ? ಲೆಕ್ಕದ ಚರ್ಚೆಯಲ್ಲಿ ಇವೆರಡು ಅದಲುಬದಲಾದರೆ ಏನು ಗತಿ! ಹೀಗೆ ಊಹಿಸುತ್ತ ಕೂತವರು ಕೇಳಿದ್ದನ್ನು ಜೋಡಿಸಿಕೊಳ್ಳುವಷ್ಟರಲ್ಲಿ ವಿಷಯವೇ ಮುಂದೆ ಹೋಗಿರುತ್ತದೆ. ಅವರು ಸುಮ್ಮನಿರದೆ ಇನ್ನೇನು ಮಾಡಬೇಕು?

ಮ್ಯಾನೇಜರಿಗೆ ಖರ್ಚಿನ ಚಿಂತೆ ಇದ್ದರೆ, ಅದು ಬೇಡ. ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಬರೆದು ಕಳಿಸಿ. ಮಾತಾಡುವವರು ಮೊದಲು ಕೈ ಎತ್ತಲಿ, ಯಾರ ಕಡೆ ನೋಡಬೇಕೆಂದು ಅವರಿಗೆ ಗೊತ್ತಾಗುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಮುಖ ಕತ್ತಲಾಗುತ್ತದೆ. ಆನ್‌ಲೈನ್ ಮೀಟಿಂಗಾದರೆ ಝೂಮ್, ಟೀಮ್ಸ್‌ಗಳಲ್ಲಿ ಮಾತು ಅಕ್ಷರವಾಗಿ ಮೂಡುವ ಸೌಲಭ್ಯವಿದೆ. ಹೆಸರು, ಅಂಕಿಗಳಲ್ಲಿ ಅದು ಎಡವುತ್ತದೆ. ಹಾಗಾಗಿ ತೀರ್ಮಾನಗಳನ್ನು ಕೊನೆಗೆ ಬರೆದೇ ಕೊಡಿ. ಅಂದಹಾಗೆ, ಎಲ್ಲರೂ ನಕ್ಕಾಗ "ಏನಂದ್ರು?" ಎಂದು ಅವರು ಕೇಳಿದರೆ, "ಏನಿಲ್ಲ ಬಿಡಿ" ಎನ್ನಬೇಡಿ. ಅದರಷ್ಟು ನೋಯಿಸುವ ಮಾತು ಇನ್ನೊಂದಿಲ್ಲ.

ಆದರೆ ಇದರಲ್ಲಿ ಯಾವುದನ್ನೇ ಶುರು ಮಾಡುವ ಮೊದಲು ಅವರನ್ನೇ ಕೇಳಿ, ಎಲ್ಲರೆದುರು ಬೇಡ. ಒಂದು ಕಿವಿ ಸ್ವಲ್ಪ ಚೆನ್ನಾಗಿದ್ದರೆ, ಅವರಿಗೆ ಬೇಕಿರುವುದು ಬರೀ ಮೇಜಿನ ಆಚೆ ಬದಿಯ ಕುರ್ಚಿಯೂ ಇರಬಹುದು.