ಮಿನಿ ಕಾರಿನ ಗೇರ್‌ಬಾಕ್ಸ್: ಎರಡನೇ ಗೇರ್‌ನಲ್ಲಿ ಕರಕರ, ನ್ಯೂಟ್ರಲ್‌ನಲ್ಲಿ ಗರಗರ

ನೀವು ಕೇಳಿದ್ದು ಇಷ್ಟು: ಬರ್ಮಿಂಗ್‌ಹ್ಯಾಮ್‌ನಲ್ಲಿ 1978ರ ಮಿನಿ 1000 ಕೊಂಡಿದ್ದೀರಿ. ಮೂರರಿಂದ ಎರಡಕ್ಕೆ ಇಳಿಸುವಾಗ ಹಲ್ಲು ಕಡಿಯುವ ಸದ್ದು, ನ್ಯೂಟ್ರಲ್‌ನಲ್ಲಿ ನಿಂತಾಗ ಗರಗರ, ಕ್ಲಚ್ ಒತ್ತಿದರೆ ಅದು ನಿಲ್ಲುತ್ತದೆ. ಗೇರ್‌ಬಾಕ್ಸ್ ಬಿಚ್ಚುವುದೇ ಆದರೆ ಅದರ ಜತೆಗೆ ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಕೊನೆಯ ಗೇರ್ ಜೋಡಿಯ ಅನುಪಾತ) 3.44ಕ್ಕೆ ಬದಲಿಸಬೇಕೇ?

ಬಿಚ್ಚಿ, ಮುಂದೂಡಬೇಡಿ. ಬೇರೆ ಕಾರುಗಳಲ್ಲಿ ಗೇರ್‌ಬಾಕ್ಸ್ ಸವೆದರೆ ಗೇರ್‌ಬಾಕ್ಸ್ ಮಾತ್ರ ಹಾಳು. ಮಿನಿಯಲ್ಲಿ ಗೇರ್‌ಗಳು ಎಂಜಿನ್ನಿನ ಸಂಪ್ (ತಳದ ಎಣ್ಣೆ ತೊಟ್ಟಿ) ಒಳಗೇ ಇವೆ, ಎರಡಕ್ಕೂ ಒಂದೇ ಎಣ್ಣೆ. ಲೇಶಾಫ್ಟ್‌ನಿಂದ (ಲೇಗೇರ್ ಎಂಬ ಗೇರ್ ಗುಚ್ಛ ತಿರುಗುವ ಅಚ್ಚು) ಎದ್ದ ಉಕ್ಕಿನ ಚಕ್ಕೆ ಎಣ್ಣೆಯ ಜತೆ ಆಯಿಲ್ ಪಂಪಿಗೇ ಹೋಗುತ್ತದೆ. ಫಿಲ್ಟರ್ ಇರುವುದು ಪಂಪ್ ಆದ ಮೇಲೆ.

ಮೊದಲು ಸದ್ದು ಎಲ್ಲಿಂದ ಎಂದು ನೋಡೋಣ. ಮಿನಿಯಲ್ಲಿ ಕ್ಲಚ್ ಆದ ಮೇಲೆ ಪ್ರೈಮರಿ ಗೇರ್, ಐಡ್ಲರ್ ಗೇರ್, ಫಸ್ಟ್ ಮೋಷನ್ ಶಾಫ್ಟ್, ಅದರಿಂದ ಲೇಗೇರ್ ತಿರುಗುತ್ತವೆ. ಕ್ಲಚ್ ಒತ್ತಿದರೆ ಇವೆಲ್ಲ ನಿಲ್ಲುತ್ತವೆ. ಹಾಗಾಗಿ ನಿಮ್ಮ ಗರಗರ ಈ ಸಾಲಿನಲ್ಲೇ ಎಲ್ಲೋ ಇದೆ. ಇನ್ನೂ ಹತ್ತಿರ ಹೋಗಬೇಕೆಂದರೆ ಓಡಿಸಿ ನೋಡಿ. ಒಂದು, ಎರಡು, ಮೂರರಲ್ಲಿ ಸದ್ದಿದ್ದು ನಾಲ್ಕರಲ್ಲಿ ಬಹುಪಾಲು ಅಡಗಿದರೆ ಲೇಶಾಫ್ಟ್. ನಾಲ್ಕನೇ ಗೇರ್ ನೇರ ಡ್ರೈವ್, ಅಲ್ಲಿ ಲೇಗೇರ್ ಮೇಲೆ ಭಾರ ಇರುವುದಿಲ್ಲ. ನಾಲ್ಕರಲ್ಲೂ ಹಾಗೇ ಇದ್ದರೆ ಐಡ್ಲರ್ ಅಥವಾ ಫಸ್ಟ್ ಮೋಷನ್ ಬೇರಿಂಗ್. ಕಾರಿನ ವೇಗದ ಜತೆ ಏರಿಳಿಯುವ ಊಳು ಮಾತ್ರ ಕ್ರೌನ್–ಪಿನಿಯನ್‌ನದು, ಅಂದರೆ ಫೈನಲ್ ಡ್ರೈವಿನ ದೊಡ್ಡ–ಚಿಕ್ಕ ಗೇರ್ ಜೋಡಿಯದು.

ಎರಡನೇ ಗೇರಿನ ಕರಕರ ಸಿಂಕ್ರೋ ರಿಂಗ್ (ಗೇರ್ ಕೂಡುವ ಮೊದಲು ವೇಗ ಸರಿದೂಗಿಸುವ ಬಳೆ) ಸವೆತ. ಎರಡಕ್ಕೆ ಇಳಿಸುವಾಗ ವೇಗದ ಅಂತರ ದೊಡ್ಡದು, ಹಾಗಾಗಿ ಆ ರಿಂಗೇ ಮೊದಲು ಸೋಲುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ ಮೇಲಕ್ಕೆ ಬರುತ್ತವೆ. ತೂಕ ಸುಮಾರು 150 ಕೆಜಿ, ಸರಿಯಾದ ಹಾಯಿಸ್ಟ್ ಬೇಕು. ಫ್ಲೈವೀಲ್ ತೆಗೆಯಲು ಮಿನಿಗೆಂದೇ ಮಾಡಿದ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದು ಬಿಡಿಸುವ ಯೋಚನೆ ಬಿಡಿ. ಪುಲ್ಲರ್ ಹಾಕುವ ಮೊದಲು ಕ್ರ್ಯಾಂಕ್ ತಿರುಗಿಸಿ, ಅದರ ತುದಿಯ ಸ್ಲಾಟ್ ಅಡ್ಡಲಾಗಿ ನಿಲ್ಲುವಂತೆ ಮಾಡಿ. ನೆಟ್ಟಗೆ ಇದ್ದರೆ ಒಳಗಿನ ಸಿ ಆಕಾರದ ವಾಷರ್ ಕೆಳಗೆ ಜಾರಿ ಫ್ಲೈವೀಲ್ ಹಿಂದೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಳೆದಷ್ಟೂ ಹಾನಿ. ಫ್ಲೈವೀಲ್ ಹೌಸಿಂಗ್ ಎಳೆಯುವಾಗ ಪ್ರೈಮರಿ ಗೇರಿನ ಸ್ಪ್ಲೈನ್ (ಉದ್ದುದ್ದದ ಹಲ್ಲುಗಳು) ಮೇಲೆ ಟೇಪ್ ಸುತ್ತಿ. ಜೋಡಿಸುವಾಗಲೂ ಇದನ್ನೇ ಮಾಡಿ, ಇಲ್ಲದಿದ್ದರೆ ಹೊಸ ಸೀಲಿನ ತುಟಿ ಹರಿದು ಎಣ್ಣೆ ಕ್ಲಚ್‌ಗೆ ಸೋರುತ್ತದೆ.

ಬೆಂಚಿನ ಮೇಲೆ ಬಂದ ಕೂಡಲೇ ಲೇಶಾಫ್ಟ್ ಹೊರಗೆ ತಳ್ಳಿ, ಬೆಳಕಿಗೆ ಹಿಡಿದು, ಸೂಜಿ ಬೇರಿಂಗ್ ಓಡುವ ಜಾಗದ ಮೇಲೆ ಉಗುರು ಆಡಿಸಿ. ಚೆನ್ನಾಗಿದ್ದರೆ ಕನ್ನಡಿಯಂತೆ ಜಾರುತ್ತದೆ. ಹಾಳಾಗಿದ್ದರೆ ಒಂದು ಬದಿಯಲ್ಲಿ ಮಾತ್ರ, ಭಾರ ಬೀಳುವ ಕಡೆ, ಮೇಲ್ಪದರ ಎದ್ದು ಬೂದು ಬಣ್ಣದ ಸಣ್ಣ ಸಣ್ಣ ಕುಳಿಗಳು ಉಗುರಿಗೆ ತಟ್ಟುತ್ತವೆ. ಇಂಥ ಶಾಫ್ಟ್ ಕಂಡರೆ ಲೇಗೇರಿನ ಒಳರಂಧ್ರವನ್ನೂ ಹೀಗೇ ನೋಡಿ. ಅಲ್ಲೂ ಕುಳಿಗಳಿದ್ದರೆ ಲೇಗೇರೇ ಹೋಯಿತು, ಹೊಸ ಶಾಫ್ಟ್ ಮಾತ್ರ ಹಾಕಿದರೆ ಆರು ತಿಂಗಳೂ ಬಾಳದು. ಹಳೆಯ ಗೇರ್ ಹುಡುಕುವಾಗ ಒಂದು ಎಚ್ಚರ: 1980ರ ನಂತರದ ಎ-ಪ್ಲಸ್ (ಮಿನಿ ಎಂಜಿನ್ನಿನ ಸುಧಾರಿತ ರೂಪ) ಬಾಕ್ಸಿನ ಗೇರ್‌ಗಳ ಹಲ್ಲು ಬೇರೆ ಥರ. ನಿಮ್ಮ ಬಾಕ್ಸಿನ ಜತೆ ಬಿಡಿಬಿಡಿಯಾಗಿ ಕೂಡುವುದಿಲ್ಲ.

ಮುಖ್ಯ ಶಾಫ್ಟ್, ಅಂದರೆ ಥರ್ಡ್ ಮೋಷನ್ ಶಾಫ್ಟ್ ಬಿಚ್ಚುವಾಗ ಜನ ತಡವರಿಸುವುದು ಒಂದೇ ಕಡೆ. ಗೇರ್‌ಗಳನ್ನು ಹಿಡಿದ ಥ್ರಸ್ಟ್ ವಾಷರಿನ ಕೆಳಗೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದೆ. ತೆಳ್ಳನೆಯ ಸ್ಕ್ರೂಡ್ರೈವರಿನಿಂದ ಅದನ್ನು ಒಳಕ್ಕೆ ಒತ್ತಿ, ವಾಷರನ್ನು ತಿರುಗಿಸಿ, ಹಲ್ಲು ಶಾಫ್ಟಿನ ತೋಡಿಗೆ ಎದುರಾದರೆ ಅದು ತಾನೇ ಜಾರುತ್ತದೆ. ಬಲ ಹಾಕಬೇಡಿ. ಸಿಂಕ್ರೋ ಹಬ್‌ನ ತೋಳನ್ನು ಎಳೆಯುವಾಗ ಬಟ್ಟೆ ಸುತ್ತಿಕೊಳ್ಳಿ, ಮೂರು ಬಾಲ್ ಮತ್ತು ಸ್ಪ್ರಿಂಗ್ ಚಿಮ್ಮುತ್ತವೆ. ಹಬ್ ಮತ್ತು ತೋಳು ಹೇಗೆ ಕೂತಿದ್ದವೋ ಹಾಗೇ ಕೂರಬೇಕು, ಬಿಚ್ಚುವ ಮೊದಲೇ ಗುರುತು ಹಾಕಿ.

ಸಿಂಕ್ರೋ ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ತಿರುಗಿಸಿ. ಗಟ್ಟಿಯಾಗಿ ಕಚ್ಚಬೇಕು, ರಿಂಗಿಗೂ ಗೇರಿನ ಹಲ್ಲಿಗೂ ಮಧ್ಯೆ ಸಂದು ಉಳಿಯಬೇಕು. ಹೊಸ ರಿಂಗನ್ನು ಪಕ್ಕದಲ್ಲಿ ಇಟ್ಟು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನನ್ನ ಸಲಹೆ: ನಾಲ್ಕೂ ರಿಂಗ್ ಬದಲಿಸಿ. ಗೇರಿನ ಪಕ್ಕದ ಚಿಕ್ಕ ಹಲ್ಲುಗಳ ತುದಿ ಮೊಂಡಾಗಿದ್ದರೆ ಹೊಸ ರಿಂಗ್ ಹಾಕಿಯೂ ಕರಕರ ನಿಲ್ಲದು, ಆ ಗೇರೂ ಬೇಕು.

ಖರೀದಿಸಬೇಕಾದ್ದು: ಲೇಶಾಫ್ಟ್, ಅದರ ಸೂಜಿ ಬೇರಿಂಗ್‌ಗಳು, ಫಸ್ಟ್ ಮೋಷನ್ ಮತ್ತು ಥರ್ಡ್ ಮೋಷನ್ ಬೇರಿಂಗ್, ಐಡ್ಲರಿನ ಎರಡು ಬೇರಿಂಗ್ (ಒಂದು ಬಾಕ್ಸಿನಲ್ಲಿ, ಇನ್ನೊಂದು ಫ್ಲೈವೀಲ್ ಹೌಸಿಂಗಿನಲ್ಲಿ), ರಿಂಗ್‌ಗಳು, ಲಾಕ್ ವಾಷರ್‌ಗಳು, ಪೂರ್ತಿ ಗ್ಯಾಸ್ಕೆಟ್ ಸೆಟ್. ಬೇರಿಂಗಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಹೆಸರುವಾಸಿ ತಯಾರಕರದ್ದೇ ಕೊಳ್ಳಿ.

ಈಗ ಅಳತೆಗಳು. ಈ ಕೆಲಸ ಗೆಲ್ಲುವುದು ಸೋಲುವುದು ಇಲ್ಲೇ. ಎಲ್ಲವೂ ಇಂಚಿನ ಸಾವಿರದ ಭಾಗದಲ್ಲಿ, ಅಂದರೆ ಥೌನಲ್ಲಿ. ಲೇಗೇರಿನ ಆಚೀಚೆ ಆಟ 2ರಿಂದ 6 ಥೌ; ಬೇರೆ ಬೇರೆ ದಪ್ಪದ ಥ್ರಸ್ಟ್ ವಾಷರ್ ಸಿಗುತ್ತವೆ. ಇದನ್ನು ಮುಖ್ಯ ಶಾಫ್ಟ್ ಹಾಕುವ ಮೊದಲೇ ಫೀಲರ್ ಗೇಜಿನಿಂದ ಅಳೆಯಿರಿ. ಥರ್ಡ್ ಮೋಷನ್ ಬೇರಿಂಗಿನ ರಿಟೇನರನ್ನು ಮೊದಲು ಶಿಮ್ (ಸಂದು ತುಂಬುವ ತೆಳು ಲೋಹದ ಬಿಲ್ಲೆ) ಇಲ್ಲದೆ ಹಗುರಾಗಿ ಬಿಗಿದು, ಉಳಿದ ಸಂದನ್ನು ಅಳೆದು, ಅದಕ್ಕೆ ತಕ್ಕ ಶಿಮ್ ಹಾಕಿ. ಇಲ್ಲಿ ಬೇರಿಂಗ್ ಅಲ್ಲಾಡಿದರೆ ಮುಂದೆ ಗೇರ್ ತಾನಾಗಿ ಕಳಚುತ್ತದೆ. ಐಡ್ಲರಿನ ಆಟ 4ರಿಂದ 7 ಥೌ. ಇದನ್ನು ಹೌಸಿಂಗಿನ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಬಿಗಿದ ಮೇಲೆಯೇ ಅಳೆಯಬೇಕು. ಗ್ಯಾಸ್ಕೆಟ್ ಬಿಟ್ಟು ಅಳೆದು ವಾಷರ್ ಆರಿಸಿದರೆ, ಗ್ಯಾಸ್ಕೆಟ್ ಕೂತ ಮೇಲೆ ಅದರ ದಪ್ಪದಷ್ಟು ಆಟ ಹೆಚ್ಚಿ, ನಿಮ್ಮ ಗರಗರ ಮತ್ತೆ ಶುರು. ಕ್ರ್ಯಾಂಕ್ ತುದಿಯ ಪ್ರೈಮರಿ ಗೇರಿಗೆ 3.5ರಿಂದ 6.5 ಥೌ.

ಫಸ್ಟ್ ಮೋಷನ್ ಶಾಫ್ಟಿನ ನಟ್ಟು, ಪಿನಿಯನ್ ನಟ್ಟು ಎರಡಕ್ಕೂ ಟಾರ್ಕ್ 150 ಪೌಂಡ್-ಅಡಿ, ಅಂದರೆ 203 ನ್ಯೂಟನ್ ಮೀಟರ್. ಕಡಿಮೆ ಅನ್ನಿಸುವ ಬಿಗಿ ಅಲ್ಲ ಅದು. ಬಾಕ್ಸ್ ತಿರುಗದಂತೆ ಎರಡು ಸಿಂಕ್ರೋ ತೋಳುಗಳನ್ನೂ ಕೈಯಿಂದ ಸರಿಸಿ ಒಟ್ಟಿಗೆ ಎರಡು ಗೇರ್ ಹಾಕಿದರೆ ಎಲ್ಲ ಲಾಕ್ ಆಗುತ್ತದೆ. ಬಿಗಿದ ಮೇಲೆ ಲಾಕ್ ವಾಷರ್ ಮಡಚಿ, ತೋಳುಗಳನ್ನು ನ್ಯೂಟ್ರಲ್‌ಗೆ ತರಲು ಮರೆಯಬೇಡಿ. ಬಾಕ್ಸನ್ನು ಎಂಜಿನ್ನಿಗೆ ಹಿಡಿಯುವ ಬೋಲ್ಟುಗಳಿಗೆ ಬರೀ 6 ಪೌಂಡ್-ಅಡಿ. ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಚಾಚು ಬಾಗುತ್ತದೆ.

ಮುಚ್ಚುವ ಮುಂಚೆ ಎಣ್ಣೆ ಹೀರುವ ಪೈಪಿನ ಓ-ರಿಂಗ್, ಬ್ಲಾಕ್ ಮತ್ತು ಬಾಕ್ಸ್ ನಡುವಿನ ಓ-ರಿಂಗ್ ಹೊಸದು ಹಾಕಿ. ಇಲ್ಲಿ ಗಾಳಿ ಎಳೆದರೆ ಎಣ್ಣೆಯ ಒತ್ತಡ ಬರುವುದಿಲ್ಲ, ಸರಿಪಡಿಸಲು ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಸ್ಟ್ರೈನರನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಾಕ್ಸಿನ ಮೂಲೆಗಳನ್ನು ಬ್ರಷ್ ಹಾಕಿ ತೊಳೆಯಿರಿ. ಚಕ್ಕೆ ಎದ್ದ ಲೇಶಾಫ್ಟ್ ಸಿಕ್ಕಿದ್ದರೆ ಆಯಿಲ್ ಪಂಪನ್ನೂ ಬಿಚ್ಚಿ ನೋಡಿ.

ಇನ್ನು ಫೈನಲ್ ಡ್ರೈವ್. ನಿಮ್ಮ ಕಾರಿನದು 3.765, ಪಿನಿಯನ್‌ಗೆ 17 ಹಲ್ಲು, ಕ್ರೌನ್‌ಗೆ 64. 3.44 ಅಂದರೆ 18–62. ಹತ್ತು ಇಂಚಿನ ಚಕ್ರದಲ್ಲಿ ಗಂಟೆಗೆ 60 ಮೈಲಿಗೆ ಈಗ ಸುಮಾರು 4,050 ಸುತ್ತು; 3.44ರಲ್ಲಿ ಸುಮಾರು 3,700. ಮೋಟಾರ್‌ವೇಯಲ್ಲಿ ಓಡಿಸುವುದಿದ್ದರೆ ಕಿವಿಗೂ ಎಂಜಿನ್ನಿಗೂ ನೆಮ್ಮದಿ, ಹೇಗೂ ಬಾಕ್ಸ್ ತೆರೆದಿದೆ, ಹಾಕಿಸಿ. 3.105 ಹಾಕಬೇಡಿ. ಶಕ್ತಿ ಹೆಚ್ಚಿಸುವ ಕೆಲಸ ಮಾಡಿಸದ 998 ಸಿಸಿ ಎಂಜಿನ್ನಿಗೆ ಏರಿನಲ್ಲಿ ಉಸಿರು ಕಟ್ಟುತ್ತದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಕೊಳ್ಳಬೇಕು. ಸ್ಪೀಡೋಮೀಟರ್ ತಿರುಗುವುದು ಥರ್ಡ್ ಮೋಷನ್ ಶಾಫ್ಟಿನಿಂದ, ಹಾಗಾಗಿ 3.44 ಹಾಕಿದ ಮೇಲೆ ಅದು ಶೇ 8.5ರಷ್ಟು ಕಡಿಮೆ ತೋರಿಸುತ್ತದೆ: ಈಗ ಸರಿಯಾಗಿ ತೋರಿಸುತ್ತಿದ್ದರೆ, ಮುಂದೆ 60 ಎಂದಾಗ ನಿಜಕ್ಕೂ 65 ದಾಟಿರುತ್ತೀರಿ. ಹಾಗಾಗಿ ಮೀಟರನ್ನೂ ಹೊಂದಿಸಿ. ನೇರ ಹಲ್ಲಿನ ಡ್ರಾಪ್ ಗೇರ್ (ಕ್ಲಚ್‌ನಿಂದ ಬಾಕ್ಸಿಗೆ ಬಲ ಇಳಿಸುವ ಗೇರ್‌ಗಳು), ಐದು ಗೇರಿನ ಕಿಟ್ ಎಲ್ಲ ಇವೆ. ದಿನಬಳಕೆಗೆ ಅವು ಸದ್ದು ಮತ್ತು ಖರ್ಚು ಅಷ್ಟೇ.

ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಭಾಗ) ಬೇರಿಂಗನ್ನು ಹೀಗೆ ಹೊಂದಿಸಿ. ಬಲಗಡೆಯ ಕವರ್ ಗ್ಯಾಸ್ಕೆಟ್ ಸಮೇತ ಹಾಕಿ, ಎಡಗಡೆಯದನ್ನು ಗ್ಯಾಸ್ಕೆಟ್ ಇಲ್ಲದೆ ಬೇರಿಂಗ್ ಮುಟ್ಟುವಷ್ಟೇ ಬಿಗಿಯಿರಿ. ಕವರಿಗೂ ಬಾಕ್ಸಿಗೂ ನಡುವೆ 8ರಿಂದ 9 ಥೌ ಸಂದು ಬರುವಂತೆ ಶಿಮ್ ಹಾಕಿ. ಗ್ಯಾಸ್ಕೆಟ್ ಅದುಮಿದಾಗ 7 ಥೌ, ಉಳಿದ 1–2 ಥೌ ಬೇರಿಂಗಿನ ಬಿಗಿ. ಸುತ್ತಲೂ ಮೂರ್ನಾಲ್ಕು ಕಡೆ ಅಳೆಯಿರಿ, ಕವರ್ ಓರೆಯಾಗಿ ಕೂತಿದ್ದರೆ ಅಳತೆ ಸುಳ್ಳು.

ಎಣ್ಣೆ 20ಡಬ್ಲ್ಯು50 ಮಿನರಲ್, ಫಿಲ್ಟರ್ ಸೇರಿ ಸುಮಾರು 4.8 ಲೀಟರ್. ಸ್ಟಾರ್ಟ್ ಮಾಡುವ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು, ಒತ್ತಡದ ದೀಪ ಆರುವ ತನಕ ಸ್ಟಾರ್ಟರಿನಿಂದ ತಿರುಗಿಸಿ. ಮೊದಲ 500 ಮೈಲಿಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಆಮೇಲೆ 3,000 ಮೈಲಿಗೊಮ್ಮೆ. ಗೇರ್ ಹಲ್ಲುಗಳು ಎಣ್ಣೆಯನ್ನು ಅರೆದು ಬೇಗ ತೆಳ್ಳಗೆ ಮಾಡುತ್ತವೆ. ಪ್ರತಿ ಸಲ ಡ್ರೈನ್ ಪ್ಲಗ್ಗಿನ ಆಯಸ್ಕಾಂತ ಒರೆಸಿ ನೋಡಿ. ಬೂದು ಬಣ್ಣದ ಮೆತ್ತನೆ ಪೇಸ್ಟ್ ಇದ್ದರೆ ಯೋಚನೆಯಿಲ್ಲ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಕಾರನ್ನು ಅಲ್ಲೇ ನಿಲ್ಲಿಸಿ.